ಗಾಡಿ ಬಂದಿತು, ಪ್ಲಗ್ಗು ಎಲ್ಲಿ?



ರಾತ್ರಿ ಹನ್ನೊಂದರ ಮೇಲೆ ಹೋಟೆಲಿನ ಶಟರು ಅರ್ಧ ಇಳಿದು, ಒಲೆ ತಣ್ಣಗಾಗಿ, ನಮ್ಮವರು ನಾಲ್ಕು ಮಂದಿ ಊಟಕ್ಕೆ ಕುಳಿತಾಗ ಈಚೆಗೆ ಹೊಸದೊಂದು ಚರ್ಚೆ ಏಳುತ್ತದೆ. ಪಾರ್ಸೆಲ್ ಒಯ್ಯುವ ಹುಡುಗ ವಿದ್ಯುತ್ ಸ್ಕೂಟರ್ ಕೊಳ್ಳುವ ಮಾತೆತ್ತುತ್ತಾನೆ. “ನಡುದಾರಿಯಲ್ಲಿ ನಿಂತುಬಿಡುತ್ತದೆ ಮಾರಾಯ” ಎನ್ನುತ್ತಾನೆ ಒಬ್ಬ. “ಮಳೆಗಾಲದಲ್ಲಿ ಶಾಕ್ ಹೊಡೆದರೆ?” ಎನ್ನುತ್ತಾನೆ ಇನ್ನೊಬ್ಬ. “ಬ್ಯಾಟರಿ ಹೋದರೆ ಗಾಡಿಯೇ ಹೋದಂತೆ” ಎಂದು ಮೂರನೆಯವನು; “ಬೆಂಕಿ ಹತ್ತಿದರೆ ಯಾರು ಹೊಣೆ?” ಎಂದು ನಾಲ್ಕನೆಯವನು. ಎಲ್ಲರ ಮಾತು ಮುಗಿದ ಮೇಲೆ ಹಿರಿಯ ಭಟ್ಟರು ಕೈ ತೊಳೆಯುತ್ತ ಕೇಳುತ್ತಾರೆ: “ಅದೆಲ್ಲ ಇರಲಿ ತಮ್ಮಾ, ನೀನು ಅದನ್ನು ಚಾರ್ಜಿಗೆ ಹಾಕುವುದು ಎಲ್ಲಿ?” ಆಗ ಎಲ್ಲರೂ ಸುಮ್ಮನಾಗುತ್ತಾರೆ.

ನಮ್ಮ ವಾದವೂ ಇಷ್ಟೇ. ಉಳಿದ ನಾಲ್ಕು ಭಯಗಳಿಗೂ ತಕ್ಕಮಟ್ಟಿನ ಮದ್ದು ಇದೆ. ಹಿರಿಯರ ಪ್ರಶ್ನೆಗೆ ಮಾತ್ರ ಈ ನಗರದಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ಉತ್ತರ ಕೊಡಬೇಕಾದವರು ಗಾಡಿ ಮಾರುವ ಜಾಹೀರಾತಿನಲ್ಲಿ ಮುಖ ಮರೆಸಿಕೊಂಡಿದ್ದಾರೆ.

ಇದು ಹೊತ್ತು ಕಳೆಯುವ ಹರಟೆಯಲ್ಲ. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ನಗರದ ಕೆಟ್ಟ ಗಾಳಿಯ ಮೊಕದ್ದಮೆಯನ್ನು ಕೇಳುತ್ತ, ಪೆಟ್ರೋಲ್ ಮತ್ತು ಡೀಸೆಲ್ ಗಾಡಿಗಳನ್ನು ಹಂತಹಂತವಾಗಿ ರಸ್ತೆಯಿಂದ ತೆಗೆಯಲಾದೀತೇ ಎಂಬುದನ್ನು ಅಭ್ಯಾಸ ಮಾಡಬೇಕೆಂದಿತು. ಅದೇ ತಿಂಗಳು ರಾಜ್ಯ ಸರಕಾರ ಇದಕ್ಕಾಗಿ ಏಳು ಜನರ ಸಮಿತಿಯನ್ನು ನೇಮಿಸಿತು. ಗಾಳಿ ಶುದ್ಧವಾಗುವುದು ನಮಗೂ ಬೇಕು. ಒಲೆಯ ಹೊಗೆ, ಗಿರಣಿಯ ಹತ್ತಿಯ ದೂಳು ಇವೆರಡನ್ನೂ ಎದೆಯೊಳಗೆ ಹೊತ್ತವರು ನಾವು. ಶುದ್ಧ ಗಾಳಿಯ ಬೆಲೆಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಾಳೆ ಪೆಟ್ರೋಲ್ ಗಾಡಿ ಬೇಡವೆಂಬ ಆಜ್ಞೆ ಬಂದರೆ, ಬೀದಿಯ ಬದಿ ಗಾಡಿ ನಿಲ್ಲಿಸಿ ಎಂಟು ಜನರ ಖೋಲಿಯಲ್ಲಿ ಮಲಗುವ ಹುಡುಗನ ಅನ್ನದ ಗತಿ ಏನು? ಇದನ್ನು ಇಂದೇ ಕೇಳಬೇಕು. ಆಜ್ಞೆ ಬಂದ ಮೇಲೆ ಕೇಳಿದರೆ ಉಪಯೋಗವಿಲ್ಲ.

ಮೊದಲು ಭಯಗಳ ಮಾತು. ವಿದ್ಯುತ್ ಗಾಡಿ ಮುಂಬಯಿಗೆ ಹೊಸ ಭೂತವೇನೂ ಅಲ್ಲ. 1907ರಿಂದ 1964ರ ಮಾರ್ಚ್ 31ರವರೆಗೆ ಈ ನಗರದಲ್ಲಿ ಟ್ರಾಮು ಓಡಿದ್ದು ವಿದ್ಯುತ್ತಿನಿಂದ. 1925ರ ಫೆಬ್ರುವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ಹೊರಟ ರೈಲು ಈ ದೇಶದ ಮೊದಲ ವಿದ್ಯುತ್ ರೈಲು. 1915ರಿಂದ ಖೋಪೋಲಿಯ ಜಲವಿದ್ಯುತ್ತು ಪರೇಲಿನ ಗಿರಣಿಗಳ ಯಂತ್ರಗಳನ್ನು ತಿರುಗಿಸಿತು. ದಿನಕ್ಕೆರಡು ಬಾರಿ ಲೋಕಲಿನ ಬಾಗಿಲಿಗೆ ಜೋತುಬಿದ್ದು ಹೋಗುವ ನಾವು ವಿದ್ಯುತ್ತಿನ ಗಾಡಿಗೆ ಹೆದರುತ್ತೇವೆಂದರೆ ನಗೆಗೇಡು. ಆದರೆ ಟ್ರಾಮಿಗೂ ರೈಲಿಗೂ ತಂತಿ ಎಳೆದವರು ಕಂಪನಿಯವರು, ಸರಕಾರದವರು. ಟಿಕೇಟು ಕೊಂಡವನು ತಂತಿಯನ್ನೂ ತಾನೇ ತರಬೇಕೆಂದು ಯಾರೂ ಹೇಳಲಿಲ್ಲ. ಈಗ ಹೇಳುತ್ತಿದ್ದಾರೆ. ವ್ಯತ್ಯಾಸ ಇಲ್ಲಿದೆ.

ನಡುದಾರಿಯಲ್ಲಿ ನಿಲ್ಲುವ ಭಯ ಪೂರ್ಣ ಸುಳ್ಳಲ್ಲ. ಅಂಗಡಿಯವನು ಹೇಳುವ ದೂರ ಪರೀಕ್ಷೆಯ ದೂರ. ಹಿಂದೆ ಪೆಟ್ಟಿಗೆ ಹೊತ್ತು, ಸಿಗ್ನಲಿಗೊಮ್ಮೆ ನಿಂತು ಹೊರಡುವ ಗಾಡಿ ಅಷ್ಟು ಓಡುವುದಿಲ್ಲ. 150 ಕಿಲೋಮೀಟರ್ ಎಂದರೆ 100ರಿಂದ 110 ಎಂದು ತಿಳಿಯಿರಿ. ಆದರೆ ನಮ್ಮ ಹುಡುಗರು ದಿನಕ್ಕೆ ಓಡಿಸುವುದು 60ರಿಂದ 80 ಕಿಲೋಮೀಟರ್. ರಾತ್ರಿ ನೆಮ್ಮದಿಯಾಗಿ ಚಾರ್ಜು ಸಿಕ್ಕರೆ ಹಗಲಿಗೆ ಸಾಕು. ರಾತ್ರಿ ಸಿಕ್ಕರೆ!

ಬ್ಯಾಟರಿಯ ಭಯವೂ ಹಾಗೆಯೇ. ಗಾಡಿಯ ಬೆಲೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬ್ಯಾಟರಿಯದು. ಅದು ಕೆಟ್ಟರೆ ನಮ್ಮಂಥವರ ಕೆಲವು ತಿಂಗಳ ಪಗಾರ ಹೋದಂತೆ. ಆದರೆ ಲಿಥಿಯಂ ಬ್ಯಾಟರಿಗೆ ಈಗ ಮೂರು ವರ್ಷದಿಂದ ಎಂಟು ವರ್ಷದವರೆಗೆ ಲಿಖಿತ ಖಾತರಿ ಕೊಡುವ ತಯಾರಕರಿದ್ದಾರೆ. ಆ ಕಾಗದವನ್ನು ಓದಿಸಿಕೊಂಡು, ಬಾಡಿಗೆ ಕೆಲಸಕ್ಕೆ ಓಡಿಸಿದರೂ ಖಾತರಿ ನಿಲ್ಲುತ್ತದೆಯೇ ಎಂದು ಕೇಳಿ ಕೊಳ್ಳಬೇಕು. ಅಗ್ಗವೆಂದು ಸೀಸದ ಬ್ಯಾಟರಿಯ ಗಾಡಿ ಕೊಂಡವನು ಒಂದೆರಡು ವರ್ಷದಲ್ಲಿ ಮತ್ತೆ ಕೈಸಾಲ ಕೇಳುತ್ತಾನೆ. ಇನ್ನೊಂದು ಮಾತು: ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟಿನ ಒಳಗಿನ ಗಾಡಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಇದನ್ನು ವರವೆಂದು ಹೊಗಳಿ ಹುಡುಗರಿಗೆ ಬಾಡಿಗೆಗೆ ಕೊಡುತ್ತಾರೆ. ವಿಮೆಯ ಕಡ್ಡಾಯವೂ ಅದಕ್ಕಿಲ್ಲ ಎಂಬುದನ್ನು ಹೇಳುವುದಿಲ್ಲ. ಅಪಘಾತವಾದ ದಿನ ಆ ವರ ಶಾಪವಾಗುತ್ತದೆ.

ಮಳೆಯ ಮಾತು. ಒಳ್ಳೆಯ ಗಾಡಿಗಳ ಬ್ಯಾಟರಿಯನ್ನು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷೆ ಮಾಡುತ್ತಾರೆ. ಸಾಧಾರಣ ಮಳೆಯಲ್ಲಿ ಶಾಕ್ ಹೊಡೆಯುತ್ತದೆಂಬುದು ಬರಿಯ ಹೆದರಿಕೆ. ಆದರೆ ಹಿಂದ್‌ಮಾತಾದಲ್ಲಿ ನಿಂತ ನೀರು ಅರ್ಧ ಗಂಟೆಗೆ ಇಳಿಯುವುದಿಲ್ಲವೆಂಬುದು ನಮಗೆ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರಿದು. ಮುಳುಗಿದ ಗಾಡಿಯನ್ನು ಪರೀಕ್ಷೆ ಮಾಡಿಸದೆ ಚಾರ್ಜಿಗೆ ಹಾಕಬಾರದು. ಇಷ್ಟು ಎಚ್ಚರ ಸಾಕು.

ಇನ್ನು ಬೆಂಕಿ. ಈ ವಿಷಯದಲ್ಲಿ ನಾವು ಯಾರಿಗೂ ಸುಳ್ಳು ಧೈರ್ಯ ಹೇಳುವವರಲ್ಲ. 2022ರಲ್ಲಿ ವಸಾಯಿಯಲ್ಲಿ ಮನೆಯೊಳಗೆ ಚಾರ್ಜಿಗಿಟ್ಟ ಸ್ಕೂಟರಿನ ಬ್ಯಾಟರಿ ಸಿಡಿದು ಏಳು ವರ್ಷದ ಬಾಲಕನೊಬ್ಬ ತೀರಿಕೊಂಡ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರಿನ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ವಸತಿಗೃಹಕ್ಕೆ ಏರಿ 8 ಜನ ಸತ್ತರು. ಆ ವರ್ಷದ ಅನಾಹುತಗಳ ತರುವಾಯ ಕೇಂದ್ರ ಸರಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಎಂಬ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಆದ್ದರಿಂದ ಅದಕ್ಕೆ ಹಿಂದಿನ ಹಳೆಯ ಗಾಡಿಯನ್ನು ಕೊಳ್ಳುವಾಗ ಹತ್ತು ಸಲ ಯೋಚಿಸಬೇಕು.

ಆದರೆ ಕೇಳಿ: ಬ್ಯಾಟರಿ ಮಲಗುವ ಕೋಣೆಗೆ ಬರುವುದು ಏಕೆ? ಹುಡುಗನಿಗೆ ಅದರ ಮೇಲೆ ಪ್ರೀತಿಯೇ? ಕೆಳಗೆ ಗಾಡಿ ನಿಂತ ಜಾಗದಲ್ಲಿ ಪ್ಲಗ್ಗಿಲ್ಲ. ಅದಕ್ಕೇ ಅವನು ಬ್ಯಾಟರಿಯನ್ನು ಕಳಚಿ, ಮೂರು ಮಾಳಿಗೆ ಹೊತ್ತು, ಎಂಟು ಮಂದಿ ಸಾಲಾಗಿ ಮಲಗಿದ ಖೋಲಿಯಲ್ಲಿ, ಬಾಗಿಲ ಪಕ್ಕದ ಒಂದೇ ಒಂದು ಸಾಕೆಟ್ಟಿಗೆ ಸಿಕ್ಕಿಸುತ್ತಾನೆ. ಐವತ್ತು ವರ್ಷದ ಹಳೆಯ ತಂತಿ, ಅರ್ಥಿಂಗ್ ಇದೆಯೋ ಇಲ್ಲವೋ ದೇವರೇ ಬಲ್ಲ. ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿಯಲ್ಲೇ ಬ್ಯಾಟರಿ ಕೂತಿದೆ! ಪತ್ರಿಕೆಯವರು ಮರುದಿನ ‘ಬ್ಯಾಟರಿ ಸ್ಫೋಟ’ ಎಂದು ಬರೆಯುತ್ತಾರೆ. ಪ್ಲಗ್ಗು ಕೊಡದವನ ಹೆಸರನ್ನು ಯಾರೂ ಬರೆಯುವುದಿಲ್ಲ.

ಲೆಕ್ಕ ನೋಡಿದರೆ ನಮ್ಮವರು ಈ ಗಾಡಿಯ ಕಡೆ ಏಕೆ ತಿರುಗುತ್ತಿದ್ದಾರೆಂಬುದು ತಿಳಿಯುತ್ತದೆ. ದಿನಕ್ಕೆ 60 ಕಿಲೋಮೀಟರಿನಂತೆ 25 ದಿನಕ್ಕೆ 1,500 ಕಿಲೋಮೀಟರ್. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿಲೋಮೀಟರ್ ಕೊಟ್ಟರೆ ತಿಂಗಳಿಗೆ 33 ಲೀಟರ್. 2025ರಲ್ಲಿ ಮುಂಬಯಿಯ ದರ ಲೀಟರಿಗೆ ನೂರರ ಮೇಲೆ, ಅಂದರೆ 3,300 ರೂಪಾಯಿಗೆ ಕಡಿಮೆಯಿಲ್ಲ. ವಿದ್ಯುತ್ ಸ್ಕೂಟರಿಗೆ ನೂರು ಕಿಲೋಮೀಟರಿಗೆ ಹೆಚ್ಚೆಂದರೆ 4 ಯೂನಿಟ್. ತಿಂಗಳಿಗೆ 60 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ಹಿಡಿದರೂ 600 ರೂಪಾಯಿ. ಉಳಿಯುವ 2,700 ರೂಪಾಯಿ ಊರಿನ ಮನೆಗೆ ಮನಿಯಾರ್ಡರಿನ ಜಾಗದಲ್ಲಿ ಹೋಗುವ ಹಣ. ತಂಗಿಯ ಕಾಲೇಜಿನ ಫೀಸು.

ಆದರೆ ಈ ಲೆಕ್ಕ ನಿಲ್ಲುವುದು ಮನೆಯ ಇಲ್ಲವೆ ಕೆಲಸದ ಜಾಗದ ಪ್ಲಗ್ಗು ಇದ್ದವನಿಗೆ. ಮನೆಯ ಕರೆಂಟಿನ ಬಿಲ್ಲಿಗೆ ಜಿ.ಎಸ್.ಟಿ. ಇಲ್ಲ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರದ್ದು ‘ಸೇವೆ’ಯಂತೆ, ಅದಕ್ಕೆ ನೂರಕ್ಕೆ 18! ನಮ್ಮ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಈ ಪ್ರಶ್ನೆಯನ್ನು ಎತ್ತಿದಾಗ 2023ರಲ್ಲಿ ಕರ್ನಾಟಕದ ಮುಂಗಡ ತೀರ್ಪಿನ ಪ್ರಾಧಿಕಾರ ಹೀಗೆಯೇ ಹೇಳಿತು. ಕೇಂದ್ರ ನಡೆಸುವವನ ಲಾಭವೂ ಸೇರಿದರೆ ಹಲವು ಕಡೆ ದರ ಮನೆಯ ದರದ ಇಮ್ಮಡಿಯಾಗುತ್ತದೆ. ಗಾಡಿಯ ಮೇಲೆ 2019ರ ಆಗಸ್ಟಿನಿಂದ ತೆರಿಗೆ ನೂರಕ್ಕೆ 5 ಮಾತ್ರ. ಅದರ ಹೊಟ್ಟೆ ತುಂಬಿಸುವುದಕ್ಕೆ ನೂರಕ್ಕೆ 18. ಸ್ವಂತ ಗ್ಯಾರೇಜು ಇರುವ ಸಾಹುಕಾರ ಈ 18ನ್ನು ಕೊಡುವುದು ಊರೂರು ತಿರುಗುವಾಗ ಮಾತ್ರ. ಗ್ಯಾರೇಜು ಇಲ್ಲದ ಕೂಲಿಯವನು ದಿನವೂ ಕೊಡುತ್ತಾನೆ. ಇದು ಯಾವ ನ್ಯಾಯ?

ಗಿರಣಗಾಂವಿನ ಕಡೆ ಒಮ್ಮೆ ನಡೆದು ನೋಡಿ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅನೇಕರಿಗೆ ಆ ಕೆಲಸ ಮರಳಿ ಸಿಗಲೇ ಇಲ್ಲ. ಸೈರನ್ನು ಕೂಗುತ್ತಿದ್ದ ಜಾಗಗಳಲ್ಲಿ ಇಂದು ಮಾಲುಗಳು, ಗಾಜಿನ ಗೋಪುರಗಳು. ಅವುಗಳ ತಳಮಾಳಿಗೆಯಲ್ಲಿ ದೊಡ್ಡ ದೊಡ್ಡ ಮೋಟಾರುಗಳಿಗೆ ಚಾರ್ಜಿಂಗ್ ಕಂಬಗಳಿವೆ. ರಸ್ತೆ ದಾಟಿದರೆ ಚಾಳು; ಅಲ್ಲಿ ನೂರು ಖೋಲಿಗೆ ಒಂದು ಪ್ಲಗ್ಗು ಸಹ ಅಂಗಳದಲ್ಲಿಲ್ಲ. ಕಟ್ಟಡಗಳ ಮಾದರಿ ಉಪನಿಯಮಗಳಿಗೆ 2019ರಲ್ಲಿ ತಿದ್ದುಪಡಿ ಬಂದಿತು: ಗಾಡಿ ನಿಲ್ಲಿಸುವ ಜಾಗದಲ್ಲಿ ನೂರಕ್ಕೆ 20 ಚಾರ್ಜಿಂಗಿಗೆ ಇರಬೇಕು. ಚೆನ್ನಾಗಿದೆ. ಆದರೆ ಗಾಡಿ ನಿಲ್ಲಿಸುವ ಜಾಗವೇ ಇಲ್ಲದ ಚಾಳಿಗೆ ನೂರಕ್ಕೆ 20 ಎಂದರೆ ಎಷ್ಟು? ಸೊನ್ನೆಯಲ್ಲಿ ನೂರಕ್ಕೆ ಇಪ್ಪತ್ತು ಸೊನ್ನೆಯೇ.

ಕಾನೂನು ಪೂರ್ತಿ ನಮ್ಮ ವಿರುದ್ಧ ಇದೆಯೆಂದು ತಿಳಿಯಬೇಡಿ. 2022ರ ಜನವರಿಯ ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ವಾಹನದ ಒಡೆಯನು ತನ್ನ ಮನೆಯ ಅಥವಾ ಕಚೇರಿಯ ಇದ್ದ ಕರೆಂಟಿನಿಂದಲೇ ಚಾರ್ಜು ಮಾಡಿಕೊಳ್ಳಬಹುದು. 2024ರ ಫೆಬ್ರುವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಬಂದ ತಿದ್ದುಪಡಿ, ಗಾಡಿ ಚಾರ್ಜಿಂಗಿಗೆಂದು ಬೇರೆ ಮೀಟರು ಕೇಳಿದವನಿಗೆ ಕೊಡಬೇಕೆನ್ನುತ್ತದೆ. ಮಹಾನಗರಗಳಲ್ಲಿ ಹೊಸ ಜೋಡಣೆಯ ಅವಧಿಯನ್ನು ಏಳು ದಿನದಿಂದ ಮೂರು ದಿನಕ್ಕೆ ಇಳಿಸಿದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ! ಚಾಳಿನ ಒಡೆಯನು ಒಪ್ಪಿಗೆ ಪತ್ರ ಕೊಡುವುದಿಲ್ಲ. ಸೊಸಾಯಿಟಿಯ ಕಾರ್ಯದರ್ಶಿ ‘ಮೀಟಿಂಗಿನಲ್ಲಿ ಇಡೋಣ’ ಎನ್ನುತ್ತಾನೆ. ಬಾಡಿಗೆಯ ಖೋಲಿಯವನ ಹೆಸರಿನಲ್ಲಿ ಕರೆಂಟೇ ಇಲ್ಲ. ಹಕ್ಕು ಕಾಗದದಲ್ಲಿದೆ, ಪ್ಲಗ್ಗು ಗೋಡೆಯಲ್ಲಿಲ್ಲ.

ಈಗ ನಮ್ಮ ಹೋಟೆಲ್ ಮಾಲಿಕರ ಮಾತು. ಅವರಲ್ಲಿ ಬಹುಮಂದಿ ನಮ್ಮ ಊರಿನವರೇ, ನಮ್ಮಂತೆಯೇ ತಟ್ಟೆ ತೊಳೆದು ಮೇಲೆ ಬಂದವರೇ. ಅದಕ್ಕಾಗಿಯೇ ಬಿಚ್ಚುಮನಸ್ಸಿನಿಂದ ಹೇಳುತ್ತೇವೆ. “ಹುಡುಗನ ಗಾಡಿ, ಹುಡುಗನ ಕರೆಂಟು, ನಮಗೇನು?” ಎಂದು ಕೆಲವರು ಕೇಳುತ್ತಾರೆ. ಗಿರಣಿಯಲ್ಲಿ ಯಾವ ನೇಕಾರನಾದರೂ ತನ್ನ ಮಗ್ಗವನ್ನು ಹೆಗಲ ಮೇಲೆ ಹೊತ್ತು ತಂದಿದ್ದನೇ? ದೋಸೆ ಹೊಯ್ಯುವವನು ತನ್ನ ಕಾವಲಿಯನ್ನು ಊರಿನಿಂದ ತರುತ್ತಾನೆಯೇ? ಹಿಟ್ಟು ರುಬ್ಬುವ ಯಂತ್ರದ ಕರೆಂಟಿನ ದುಡ್ಡನ್ನು ರುಬ್ಬುವವನ ಪಗಾರದಲ್ಲಿ ಮುರಿಯುತ್ತೀರಾ? ಹಾಗಾದರೆ ನಿಮ್ಮ ಇಡ್ಲಿ ಸಾಂಬಾರನ್ನು ಬಿಸಿಯಾಗಿ ಗಿರಾಕಿಯ ಬಾಗಿಲಿಗೆ ಮುಟ್ಟಿಸುವ ಗಾಡಿ ಮಾತ್ರ ಹೇಗೆ ಅವನ ಖಾಸಗಿ ವಿಷಯವಾಯಿತು? ಹುಡುಗ ನಿಮ್ಮವನಿರಲಿ, ಮೊಬೈಲಿನಲ್ಲಿ ಆರ್ಡರು ಕಳಿಸುವ ಕಂಪನಿಯವನಿರಲಿ, ಅವನು ಓಡುವುದು ನಿಮ್ಮ ಗಲ್ಲೆ ತುಂಬಲಿಕ್ಕೆ.

“ಖರ್ಚು ತಡೆಯಲಾಗದು, ಲೋಡು ಹೆಚ್ಚಾದೀತು” ಎಂಬುದು ಇನ್ನೊಂದು ನೆಪ. ಸ್ಕೂಟರಿನ ಸಾಧಾರಣ ಚಾರ್ಜರು ಎಳೆಯುವುದು ಒಂದು ಇಸ್ತ್ರಿಪೆಟ್ಟಿಗೆ ಎಳೆಯುವಷ್ಟೇ. 2021ರಲ್ಲಿ ಕೇಂದ್ರ ಸರಕಾರದ ತಜ್ಞರು ಸ್ಕೂಟರು, ರಿಕ್ಷಾಗಳಿಗಾಗಿ ಅಗ್ಗದ ಚಾರ್ಜಿಂಗ್ ಉಪಕರಣದ ಮಾದರಿಯೊಂದನ್ನು ರೂಪಿಸಿದಾಗ ಇಟ್ಟುಕೊಂಡ ಬೆಲೆಯ ಗುರಿ 3,500 ರೂಪಾಯಿ. ಸಂಜೆಯ ಒಂದು ಗಂಟೆಯ ವ್ಯಾಪಾರಕ್ಕಿಂತ ಇದು ಹೆಚ್ಚೇ? ಹಿಂಬಾಗಿಲಲ್ಲಿ ನೆರಳಿನ ಜಾಗ, 16 ಆಂಪಿಯರಿನ ಮೂರು ಕಣ್ಣಿನ ಸಾಕೆಟ್ಟು, ಸರಿಯಾದ ಅರ್ಥಿಂಗು, ತಾನೇ ಬೀಳುವ ಒಂದು ಸ್ವಿಚ್ಚು, ಬೇರೆ ಮೀಟರು. ನಾವು ಕೇಳುವುದು ಇಷ್ಟೇ.

2025ರಲ್ಲಿ ಗಾಳಿಯ ಹೆಸರಿನಲ್ಲಿ ಬೇಕರಿಗಳಿಗೂ ತಂದೂರಿನ ಹೋಟೆಲುಗಳಿಗೂ ಕಟ್ಟಿಗೆ, ಇದ್ದಲು ಬಿಡಬೇಕೆಂದು ಮಹಾನಗರಪಾಲಿಕೆ ನೋಟೀಸು ಕೊಟ್ಟಿತು. ಜುಲೈ ತಿಂಗಳ ಗಡುವನ್ನೂ ಹಾಕಿತು. ಆಗ ಮಾಲಿಕರು “ಗ್ಯಾಸಿನ ಕೊಳವೆ ಎಳೆಯದೆ ಒಲೆ ಬಿಡು ಎಂದರೆ ಹೇಗೆ?” ಎಂದು ಕೂಗಿದರು. ಆ ಕೂಗು ನ್ಯಾಯದ್ದು. ಅದೇ ನ್ಯಾಯವನ್ನು ಈಗ ನಾವು ಕೇಳುತ್ತಿದ್ದೇವೆ: ಪ್ಲಗ್ಗು ಕೊಡದೆ ಪೆಟ್ರೋಲ್ ಬಿಡು ಎಂದರೆ ಹೇಗೆ? ಒಲೆಗೆ ಗಡುವು ಹಾಕಬಲ್ಲ ಪಾಲಿಕೆ ಪ್ಲಗ್ಗಿಗೆ ಏಕೆ ಗಡುವು ಹಾಕದು?

ಓಡಿಸುವ ವಿಷಯವನ್ನೂ ಮರೆಯಬಾರದು. ಈ ಗಾಡಿಗೆ ಕ್ಲಚ್ಚಿಲ್ಲ, ಗೇರಿಲ್ಲ, ಸದ್ದಿಲ್ಲ; ಮುಟ್ಟಿದ ಕೂಡಲೇ ಪೂರ್ಣ ಬಲದಿಂದ ಮುಂದಕ್ಕೆ ನೆಗೆಯುತ್ತದೆ. ಹಳೆಯ ಗಾಡಿಯ ಕೈ ಇದಕ್ಕೆ ಪಳಗಬೇಕು. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ ಗುತ್ತಿಗೆಯ ವಿದ್ಯುತ್ ಬಸ್ಸೊಂದು ಜನರ ಮೇಲೆ ನುಗ್ಗಿ ಏಳಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಗೇರಿಲ್ಲದ ದೊಡ್ಡ ಬಸ್ಸನ್ನು ನಡೆಸಲು ಚಾಲಕನಿಗೆ ಎಷ್ಟು ದಿನದ ತರಬೇತಿ ಕೊಟ್ಟಿದ್ದರು ಎಂಬ ಪ್ರಶ್ನೆ ಆಗ ಊರಿನ ಬಾಯಲ್ಲೆಲ್ಲ ಇತ್ತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ಹೇಳಲಿ. ಹೊಸ ಯಂತ್ರ ತಂದವನು ಅದನ್ನು ಕಲಿಸುವ ಹೊಣೆಯನ್ನೂ ಹೊರಬೇಕೆಂಬುದು ಗಿರಣಿಯ ಕಾಲದಿಂದ ನಮ್ಮ ಬೇಡಿಕೆ. ಕಂಡವರ ಮಕ್ಕಳನ್ನು ಬಾವಿಗೆ ದೂಡಿ ಆಳ ನೋಡುವುದು ಬೇಡ.

ನಮ್ಮ ಮನೆಯ ತಪ್ಪನ್ನೂ ಹೇಳಿಬಿಡೋಣ. ಜಿನುಗುವ ಗೋಡೆಯ ಮೇಲೆ ಉದ್ದನೆಯ ವಯರು ಎಳೆದು, ಇನ್ನೊಬ್ಬರ ಮೀಟರಿನಿಂದ ಕದ್ದು ಚಾರ್ಜು ಮಾಡುವವರು ನಮ್ಮಲ್ಲಿಲ್ಲವೇ? ಬೇರೆ ಗಾಡಿಯ ಚಾರ್ಜರನ್ನು ಇದಕ್ಕೆ ಸಿಕ್ಕಿಸಿ ‘ನಡೆಯುತ್ತದೆ’ ಎನ್ನುವವರಿಲ್ಲವೇ? ಓಡಿಸಿ ತಂದ ಬಿಸಿ ಬ್ಯಾಟರಿಯನ್ನು ಆರಲು ಬಿಡದೆ ಚಾರ್ಜಿಗೆ ಹಾಕಿ, ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುವವರಿಲ್ಲವೇ? ಬಡತನ ಇದಕ್ಕೆ ಕಾರಣವಾದೀತು, ಸಮರ್ಥನೆಯಾಗದು. ಅದೇ ಖೋಲಿಯಲ್ಲಿ ಇನ್ನೂ ಏಳು ಜನ ತಾಯಂದಿರ ಮಕ್ಕಳು ಮಲಗಿದ್ದಾರೆ. ಇಂದು ರಾತ್ರಿಯಿಂದಲೇ ಬ್ಯಾಟರಿ ಖೋಲಿಯ ಹೊರಗೆ ಇರಲಿ.

ನಮ್ಮ ಬೇಡಿಕೆಗಳು ಇವು. ಒಂದು: ಪಾರ್ಸೆಲ್ ಕಳಿಸುವ ಪ್ರತಿಯೊಂದು ಹೋಟೆಲು ಹಿಂಬಾಗಿಲಲ್ಲಿ ಸುರಕ್ಷಿತ ಪ್ಲಗ್ಗು ಹಾಕಿಸಲಿ, ಆರ್ಡರು ಕಳಿಸುವ ಕಂಪನಿಗಳು ಅದರ ಖರ್ಚಿನಲ್ಲಿ ಪಾಲು ಕೊಡಲಿ. ಎರಡು: ಚಾಳಿನ ಗಲ್ಲಿಗಳಲ್ಲಿ, ಮಾರ್ಕೆಟ್ಟುಗಳ ಬಳಿ, ಪಾಲಿಕೆಯ ಪಾರ್ಕಿಂಗ್ ಜಾಗಗಳಲ್ಲಿ ಸ್ಕೂಟರುಗಳಿಗೆಂದೇ ನಿಧಾನದ ಅಗ್ಗದ ಚಾರ್ಜಿಂಗ್ ಕಂಬಗಳು ಬರಲಿ; ದರ ಮನೆಯ ದರವನ್ನು ಮೀರದಿರಲಿ. ಮೂರು: ಚಾರ್ಜಿಂಗಿನ ಮೇಲಿನ ನೂರಕ್ಕೆ 18ರ ತೆರಿಗೆ ಇಳಿಯಲಿ. ನಾಲ್ಕು: ಬಾಡಿಗೆಯವನು ಕೇಳಿದರೂ ಚಾರ್ಜಿಂಗ್ ಮೀಟರು ಸಿಗಲಿ, ಒಡೆಯನ ಒಪ್ಪಿಗೆ ನೆಪವಾಗದಿರಲಿ. ಐದು: ಬಾಡಿಗೆಗೆ ಕೊಡುವ ನಿಧಾನಗತಿಯ ಗಾಡಿಗೂ ವಿಮೆ, ಓಡಿಸುವವನಿಗೆ ತರಬೇತಿ ಕಡ್ಡಾಯವಾಗಲಿ. ಇಷ್ಟು ಆಗುವ ಮೊದಲು ದುಡಿಯುವವನ ಪೆಟ್ರೋಲ್ ಗಾಡಿಯನ್ನು ರಸ್ತೆಯಿಂದ ಎಳೆಯುವ ಆಜ್ಞೆ ಬಾರದಿರಲಿ.

ಬಂಧುಗಳೇ, ವಾರದ ರಜೆ, ಎಂಟು ಗಂಟೆಯ ಕೆಲಸ, ಪಗಾರದ ಚೀಟಿ ಇವು ಯಾವುವೂ ಮಾಲಿಕರ ಕರುಣೆಯಿಂದ ಬಂದವಲ್ಲ. ಗೋಡೆಯ ಮೇಲಿನ ಮೂರು ಕಣ್ಣಿನ ಸಾಕೆಟ್ಟು ಅವುಗಳ ಮುಂದೆ ಸಣ್ಣ ವಸ್ತುವಾಗಿ ಕಂಡೀತು. ನಾಳೆಯ ದುಡಿಮೆ ಅದರ ಮೂಲಕವೇ ಹರಿಯಲಿದೆ. ನಿಮ್ಮ ಹೋಟೆಲಿನಲ್ಲಿ, ನಿಮ್ಮ ಚಾಳಿನಲ್ಲಿ ಎಷ್ಟು ಗಾಡಿಗಳಿವೆ, ಎಲ್ಲಿ ಚಾರ್ಜು ಮಾಡುತ್ತಾರೆ, ಎಷ್ಟು ಜನ ಬ್ಯಾಟರಿಯ ಪಕ್ಕದಲ್ಲಿ ಮಲಗುತ್ತಾರೆ ಎಂಬುದನ್ನು ಬರೆದು ಸಂಘಕ್ಕೆ ಮುಟ್ಟಿಸಿರಿ. ಪಟ್ಟಿ ಕೈಯಲ್ಲಿ ಹಿಡಿದು ಹೋದವನ ಮಾತಿಗೆ ತೂಕ ಹೆಚ್ಚು. ಭಟ್ಟರು ಕೇಳಿದ ಪ್ರಶ್ನೆಯನ್ನು ಮಾಲಿಕನ ಗಲ್ಲೆಯ ಮುಂದೆ, ಪಾಲಿಕೆಯ ಮೆಟ್ಟಿಲ ಮೇಲೆ, ಸಮಿತಿಯ ಮೇಜಿನ ಎದುರು ನಾವೆಲ್ಲ ಸೇರಿ ಕೇಳೋಣ: ಗಾಡಿ ಬಂದಿತು, ಪ್ಲಗ್ಗು ಎಲ್ಲಿ?